ಯಂತ್ರ-ಸಂಸಾರ: ಎರವಲು ಹೋದ ಯುಎಸ್‌ಬಿ

ಒಂದು ಕಂಪ್ಯೂಟರಿನ ಒಡಲಲ್ಲಿ ಇನ್ನೊಂದು ಕಂಪ್ಯೂಟರನ್ನು ನಡೆಯಿಸುವ ವಿಚಾರವನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಹೊರಗೆ ವಿಂಡೋಸ್, ಒಳಗೆ ಲಿನಕ್ಸ್. ಅಥವಾ ಹೊರಗೂ ಲಿನಕ್ಸ್, ಒಳಗೂ ಲಿನಕ್ಸ್. ಒಳಗಿನದಕ್ಕೆ ವರ್ಚುವಲ್ ಮೆಷೀನು ಎಂದು ಹೆಸರು. ಹೊರಗಿನದನ್ನು ಯಜಮಾನ, ಒಳಗಿನದನ್ನು ನೆಂಟ ಎಂದು ನಾವು ಮನೆಮಾತಿನಲ್ಲಿ ಕರೆದಿದ್ದೆವು. ಆ ಬರಹ ಓದಿ ತಮ್ಮ ಮನೆಯಲ್ಲಿ ನೆಂಟನನ್ನು ಕರೆಸಿಕೊಂಡ ವಾಚಕರಲ್ಲಿ ಮೂವರು ಬರೆದ ಕಾಗದಗಳು ಈಗ ನಮ್ಮ ಮುಂದಿವೆ.

ಪುಣೆಯ ಸೋದರಿಯೊಬ್ಬರ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಆರ್ಡುಯಿನೋ ಎಂಬ ಅಂಗೈಯಗಲದ ಬೋರ್ಡನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿದರೆ ವಿಂಡೋಸಿಗೆ ಅದು ಕಾಣುತ್ತದೆ, ಒಳಗಿನ ಲಿನಕ್ಸಿಗೆ ಕಾಣುವುದೇ ಇಲ್ಲ. "ನೆಂಟನಿಗೆ ಕಣ್ಣಿಲ್ಲವೆ?" ಎಂದು ಆ ಸೋದರಿ ಕೇಳಿದ್ದಾರೆ. ಚೆನ್ನೈಯ ಹಿರಿಯರೊಬ್ಬರ ಬಳಿ, ಅವರ ತಂದೆಯವರು ಧಾರವಾಡದಿಂದ ಬರೆದ ಕಾಗದಗಳು ಒಂದು ಟ್ರಂಕಿನ ತುಂಬ ಇವೆ. ಮಸಿ ಮಾಸುತ್ತಿದೆ, ಮಾಸುವ ಮುಂಚೆ ಚಿತ್ರ ತೆಗೆದಿಡಬೇಕೆಂಬುದು ಅವರ ಆಸೆ. ಸ್ಕ್ಯಾನರು ಹಳೆಯದು. ಹೊಸ ವಿಂಡೋಸಿಗೆ ಅದರ ಡ್ರೈವರು ಸಿಗುವುದಿಲ್ಲ. ಲಿನಕ್ಸು ಮಾತ್ರ ಅದನ್ನು ಇನ್ನೂ ಮರೆತಿಲ್ಲ. ಆದರೆ ಸ್ಕ್ಯಾನರು ಕೆಳಗೆ ಹಿರಿಯರ ಕೋಣೆಯಲ್ಲಿ, ಲಿನಕ್ಸಿನ ನೆಂಟ ಮಹಡಿಯ ಮೇಲೆ ಮಗನ ಕಂಪ್ಯೂಟರಿನಲ್ಲಿ. ಮೂರನೆಯವರು ಮುಂಬಯಿಯ ಲೆಕ್ಕ ಪರಿಶೋಧಕರು. ಅವರ ಡಿಜಿಟಲ್ ಸಹಿಯ ಟೋಕನು ಡೊಂಬಿವಲಿಯ ಮನೆಯಲ್ಲಿರುತ್ತದೆ, ಸಹಿ ಹಾಕಬೇಕಾದ ವರ್ಚುವಲ್ ಮೆಷೀನು ಆಫೀಸಿನಲ್ಲಿ. ದಿನವೂ ಲೋಕಲಿನ ನೂಕುನುಗ್ಗಲಿನಲ್ಲಿ ಟೋಕನನ್ನು ಹೊತ್ತು ತಿರುಗುವ ಬದಲು ಮನೆಯಲ್ಲೇ ಚುಚ್ಚಿಟ್ಟು, ಅಂತರಜಾಲದ ಮೂಲಕ ಆಫೀಸಿನಲ್ಲಿ ಉಪಯೋಗಿಸಬಹುದೇ ಎಂಬುದು ಅವರ ಪ್ರಶ್ನೆ.

ಮೂರು ಊರು, ಮೂರು ವಸ್ತು. ಪ್ರಶ್ನೆ ಮಾತ್ರ ಒಂದೇ. ಈ ಏರ್ಪಾಟಿಗೆ ಲೋಕದಲ್ಲಿ 'ಶೇರಿಂಗ್' ಎಂಬ ಹೆಸರು ನಿಂತುಹೋಗಿದೆ. ಹಂಚಿಕೊಳ್ಳುವುದು ಎಂದರ್ಥ. ಈ ಹೆಸರೇ ಅರ್ಧ ತೊಂದರೆಗೆ ಮೂಲವೆಂದು ನಮ್ಮ ಅಭಿಪ್ರಾಯ. ಹೋಳಿಗೆಯನ್ನು ಹಂಚಿಕೊಳ್ಳಬಹುದು, ಶಾವಿಗೆ ಒರಳನ್ನು ಹಂಚಿಕೊಳ್ಳಲಾಗದು, ಎರವಲು ಕೊಡಬಹುದು. ಚಾಳಿನಲ್ಲಿ ಸಂಸಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒರಳು ಪಕ್ಕದ ಮನೆಗೆ ಹೋದ ದಿನ ನಮ್ಮ ಮನೆಯಲ್ಲಿ ಶಾವಿಗೆ ಇಲ್ಲ. ಯುಎಸ್‌ಬಿ ಸಾಧನಗಳ ಕಥೆಯೂ ಹಾಗೆಯೇ: ಒಂದು ಹೊತ್ತಿಗೆ ಒಬ್ಬನೇ ಒಡೆಯ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಹೀಗೇಕೆಂದು ತಿಳಿಯಲು ಯುಎಸ್‌ಬಿಯ ಹುಟ್ಟನ್ನು ಸ್ವಲ್ಪ ನೋಡಬೇಕು. ಮೊದಲು ಕೀಲಿಮಣೆಗೊಂದು, ಮೌಸಿಗೊಂದು, ಪ್ರಿಂಟರಿಗೊಂದು, ಮೋಡೆಮಿಗೊಂದು ಎಂದು ಬೇರೆ ಬೇರೆ ಆಕಾರದ ಕಿಂಡಿಗಳಿದ್ದವು. ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್, ಕಾಂಪ್ಯಾಕ್ ಮೊದಲಾದ ಏಳು ಕಂಪನಿಗಳು ಸೇರಿ ಇವೆಲ್ಲಕ್ಕೂ ಒಂದೇ ಕಿಂಡಿ ಎಂಬ ಒಪ್ಪಂದಕ್ಕೆ ಬಂದು, 1996ರ ಜನವರಿಯಲ್ಲಿ ಅದರ ಮೊದಲನೆಯ ನಿಯಮಾವಳಿಯನ್ನು ಪ್ರಕಟಿಸಿದವು. ಇಂಟೆಲಿನಲ್ಲಿ ಈ ಕೆಲಸದ ಮುಂದಾಳಾಗಿದ್ದವರು ಅಜಯ್ ಭಟ್ಟ್, ವಡೋದರೆಯ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕೆಗೆ ಹೋದವರು.

ಆ ನಿಯಮದಲ್ಲಿ ಒಂದು ಕಟ್ಟುನಿಟ್ಟುಂಟು. ಎಲ್ಲ ಮಾತನ್ನೂ ಕಂಪ್ಯೂಟರೇ ಆರಂಭಿಸಬೇಕು. ಸಾಧನವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ಕೀಲಿಯನ್ನು ಒತ್ತಿದಾಗ ಕೀಲಿಮಣೆಯು ತಾನಾಗಿ ಕೂಗಿ ಹೇಳುತ್ತದೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಕಂಪ್ಯೂಟರು ಸೆಕೆಂಡಿಗೆ ನೂರಾರು ಸಾರಿ "ಏನಾದರೂ ಇದೆಯೆ?" ಎಂದು ವಿಚಾರಿಸುತ್ತಲೇ ಇರುತ್ತದೆ, ಕೀಲಿಮಣೆ "ಇಲ್ಲ, ಇಲ್ಲ, ಇಲ್ಲ, ಹೂಂ, ಕ ಒತ್ತಿದರು" ಎನ್ನುತ್ತದೆ. ಹಳೆಯ ಕಾಲದ ಶಾಲೆಯಲ್ಲಿ ಮೇಷ್ಟ್ರ ಮುಂದೆ ಹುಡುಗರು ಇದ್ದಂತೆ. ಒಬ್ಬ ಮೇಷ್ಟ್ರಿಗೆ 127 ಹುಡುಗರವರೆಗೂ ಇರಬಹುದು. ಒಬ್ಬ ಹುಡುಗನಿಗೆ ಇಬ್ಬರು ಮೇಷ್ಟ್ರು ಇರಕೂಡದು. ಉತ್ತರ ಇಂತಿಷ್ಟು ಹೊತ್ತಿನೊಳಗೆ ಬರಬೇಕೆಂಬ ನಿಯಮವೂ ಇದೆ. ಆದುದರಿಂದಲೇ ಇಂದಿಗೂ ಬಹಳ ಬಳಕೆಯಲ್ಲಿರುವ ಯುಎಸ್‌ಬಿ 2.0 ತಂತಿಯ ಉದ್ದ 5 ಮೀಟರನ್ನು ಮೀರಬಾರದು. ಚೆನ್ನೈಯ ಹಿರಿಯರು ಮಹಡಿಯವರೆಗೆ ಉದ್ದನೆಯ ತಂತಿ ಎಳೆದರೂ ಸ್ಕ್ಯಾನರು ಮಾತನಾಡದಿರುವುದಕ್ಕೆ ಕಾರಣ ಇದು.

ಇಷ್ಟು ತಿಳಿದರೆ ಪುಣೆಯ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ನೆಂಟನಿಗೆ ಕಣ್ಣಿದೆ. ಬೋರ್ಡನ್ನು ಚುಚ್ಚಿದೊಡನೆ ಯಜಮಾನನು ಅದನ್ನು ತನ್ನದೆಂದು ಹಿಡಿದುಕೊಂಡುಬಿಟ್ಟಿದ್ದಾನೆ, ಅಷ್ಟೆ. ಅವನ ಕೈಯಿಂದ ಬಿಡಿಸಿ ನೆಂಟನ ಕೈಗೆ ಕೊಡಬೇಕು. ವರ್ಚುವಲ್‌ಬಾಕ್ಸ್ ಉಪಯೋಗಿಸುವವರು ನೆಂಟನ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ ಎಂಬ ಪುಟ ತೆರೆದು, ಆ ಬೋರ್ಡಿನ ಹೆಸರಿನಲ್ಲಿ ಒಂದು ಫಿಲ್ಟರನ್ನು ಸೇರಿಸಿದರೆ, ಮುಂದೆ ಅದನ್ನು ಚುಚ್ಚಿದಾಗಲೆಲ್ಲ ನೇರವಾಗಿ ನೆಂಟನಿಗೇ ಹೋಗುತ್ತದೆ. ಪ್ರತಿ ಯುಎಸ್‌ಬಿ ಸಾಧನವೂ ತಯಾರಕನ ಸಂಖ್ಯೆ, ಮಾದರಿಯ ಸಂಖ್ಯೆ ಎಂಬ ಎರಡು ಅಂಕಿಗಳನ್ನು ಹಣೆಯ ಮೇಲೆ ಬರೆದುಕೊಂಡೇ ಬಂದಿರುತ್ತದೆ. ಫಿಲ್ಟರು ಗುರುತು ಹಿಡಿಯುವುದು ಅವುಗಳಿಂದ. ಆರ್ಡುಯಿನೋದಲ್ಲಿ ಲಿಯೊನಾರ್ಡೊ ಎಂಬ ಮಾದರಿಯು ಹೊಸ ಪ್ರೋಗ್ರಾಮನ್ನು ತುಂಬುವಾಗ ಕ್ಷಣಕಾಲ ಬೇರೆ ಮಾದರಿಯ ಸಂಖ್ಯೆ ತೊಡುತ್ತದೆ. ಅಂಥದಕ್ಕೆ ಫಿಲ್ಟರಿನಲ್ಲಿ ತಯಾರಕನ ಸಂಖ್ಯೆಯನ್ನು ಉಳಿಸಿ ಉಳಿದ ಸಾಲುಗಳನ್ನು ಖಾಲಿ ಬಿಡಬೇಕು. ಯಜಮಾನನೂ ಲಿನಕ್ಸೇ ಆಗಿದ್ದರೆ, ಅಲ್ಲಿಯ ಬಳಕೆದಾರನ ಹೆಸರನ್ನು 'ವಿಬಾಕ್ಸ್‌ಯೂಸರ್ಸ್' ಎಂಬ ಗುಂಪಿಗೆ ಸೇರಿಸುವುದನ್ನು ಮರೆಯಬಾರದು. ಮರೆತರೆ ಫಿಲ್ಟರಿನ ಪಟ್ಟಿ ಬರಿದಾಗಿಯೇ ಕಾಣುತ್ತದೆ. ಇನ್ನು ನೆಂಟನೊಳಗೆ, ಉಬುಂಟು, ಡೆಬಿಯನ್ ಮೊದಲಾದ ಲಿನಕ್ಸುಗಳಲ್ಲಿ ಮಗಳ ಹೆಸರು 'ಡಯಲ್‌ಔಟ್' ಗುಂಪಿನಲ್ಲಿರಬೇಕು. ಇಲ್ಲವಾದರೆ ಬೋರ್ಡು ಕಣ್ಣಿಗೆ ಕಂಡೀತು, ಕೈಗೆ ಸಿಕ್ಕದು.

ಇದು ಒಂದೇ ಸೂರಿನಡಿಯ ಎರವಲು. ಬೇರೆ ಯಂತ್ರದಲ್ಲಿರುವ ನೆಂಟನಿಗೆ ಕೊಡುವುದು ಹೇಗೆ? ತಂತಿಗೆ 5 ಮೀಟರಿನ ಕಟ್ಟು ಇದೆಯಷ್ಟೆ.

ಇದಕ್ಕೆ ದಾರಿ ಕಂಡುಹಿಡಿದವರು ಜಪಾನಿನವರು. ನಾರಾ ಎಂಬ ಪ್ರಾಚೀನ ನಗರದ ಹೆಸರಿನ ವಿಜ್ಞಾನ-ತಂತ್ರಜ್ಞಾನ ಸಂಸ್ಥೆಯೊಂದಿದೆ. ಅಲ್ಲಿಯ ತಕಾಹಿರೊ ಹಿರೊಫುಚಿ ಮತ್ತು ಜೊತೆಗಾರರು 'ಯುಎಸ್‌ಬಿ-ಐಪಿ' ಎಂಬ ವಿಧಾನವನ್ನು 2005ರಲ್ಲಿ ಅಮೆರಿಕೆಯ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದರು. 2008ರ ಕೊನೆಗೆ ಅದು ಲಿನಕ್ಸಿನ ಮೂಲದೊಳಗೆ ಜಗುಲಿಯವರೆಗೆ ಬಂತು, 2014ರಲ್ಲಿ 3.17ನೆಯ ಆವೃತ್ತಿಯೊಡನೆ ನಡುಮನೆ ಸೇರಿತು.

ಅವರ ಉಪಾಯ ಬಹಳ ಸೊಗಸು. ಲಿನಕ್ಸಿನಲ್ಲಿ ಡ್ರೈವರು ತನಗೆ ಬೇಕಾದುದನ್ನು ನೇರವಾಗಿ ಸಾಧನದ ಹತ್ತಿರ ಕೇಳುವುದಿಲ್ಲ. 'ಸ್ಕ್ಯಾನರಿನಿಂದ ಇಷ್ಟು ಅಕ್ಷರ ತಂದುಕೊಡು' ಎಂದು ಒಂದು ಚೀಟಿ ಬರೆದು ಕಂಟ್ರೋಲರಿಗೆ ಕೊಡುತ್ತದೆ. ಕಂಟ್ರೋಲರು ತಂತಿಯ ಮೇಲೆ ಮೇಷ್ಟ್ರ ಕೆಲಸ ಮಾಡಿ ಉತ್ತರ ತರುತ್ತದೆ. ಹಿರೊಫುಚಿಯವರು ಮಾಡಿದ್ದಿಷ್ಟು: ಆ ಚೀಟಿಯನ್ನು ಲಕೋಟೆಯಲ್ಲಿಟ್ಟು ನೆಟ್‌ವರ್ಕಿನ ಮೂಲಕ ಬೇರೆ ಕಂಪ್ಯೂಟರಿಗೆ ಟಪಾಲು ಹಾಕಿದರು. ನೆಂಟನ ಮನೆಯಲ್ಲಿ ಒಂದು ಸುಳ್ಳು ಕಂಟ್ರೋಲರು ಕುಳಿತಿರುತ್ತದೆ. ಡ್ರೈವರು ಅದನ್ನೇ ನಿಜವೆಂದು ನಂಬಿ ಚೀಟಿ ಕೊಡುತ್ತದೆ. ಚೀಟಿ ಹೊರಟು, ಸಾಧನವಿರುವ ಮನೆಗೆ ಹೋಗಿ, ಅಲ್ಲಿಯ ನಿಜವಾದ ಕಂಟ್ರೋಲರಿನಿಂದ ಕೆಲಸ ಮಾಡಿಸಿಕೊಂಡು ಹಿಂದಿರುಗುತ್ತದೆ. ಹೊತ್ತಿಗೆ ಸರಿಯಾಗಿ ಉತ್ತರ ಬರಬೇಕೆಂಬ ಕಟ್ಟುನಿಟ್ಟು ಇರುವುದು ಆ ಕೊನೆಯ ತಂತಿಯಲ್ಲಿ ಮಾತ್ರ. ಅಲ್ಲಿ ಅದು ತಪ್ಪುವುದಿಲ್ಲ. ಟಪಾಲು ಸ್ವಲ್ಪ ತಡವಾದರೆ ಚೀಟಿ ಕಾದುಕೊಂಡಿರುತ್ತದೆ.

ನೆಂಟರಿಗೆ ಇದರಿಂದ ಇನ್ನೊಂದು ಅನುಕೂಲ. ಚೀಟಿ ಓಡಾಡುವುದು ನೆಂಟನ ನೆಟ್‌ವರ್ಕಿನ ದಾರಿಯಲ್ಲಾದುದರಿಂದ ಯಜಮಾನನ ಅಪ್ಪಣೆಯೇ ಬೇಕಾಗಿಲ್ಲ. ಯುಎಸ್‌ಬಿಯನ್ನು ನೆಂಟನಿಗೆ ದಾಟಿಸಲು ಬಾರದ ಯಜಮಾನರೂ ಇದ್ದಾರೆ. ಮೈಕ್ರೋಸಾಫ್ಟಿನ ಹೈಪರ್-ವಿ ಅಂಥದೊಂದು. ಅಲ್ಲಿ ಈ ಟಪಾಲಿನ ದಾರಿಯೇ ಗತಿ. ವಿಂಡೋಸಿನೊಳಗೆ ಡಬ್ಲ್ಯುಎಸ್‌ಎಲ್ 2 ಎಂಬ ಲಿನಕ್ಸ್ ಬರುತ್ತದಲ್ಲ, ಅದಕ್ಕೆ ಯುಎಸ್‌ಬಿ ಸಾಧನ ಕೊಡಲು ಮೈಕ್ರೋಸಾಫ್ಟಿನವರು 2021ರ ನವೆಂಬರಿನಲ್ಲಿ ತೋರಿಸಿದ ದಾರಿಯೂ ಇದೇ: 'ಯುಎಸ್‌ಬಿಐಪಿಡಿ-ವಿನ್' ಎಂಬ ಮುಕ್ತ ತಂತ್ರಾಂಶ.

ಮಾಡುವ ಕ್ರಮ ಹೀಗೆ. ಎರಡೂ ಕಡೆ ಲಿನಕ್ಸೆಂದು ಇಟ್ಟುಕೊಳ್ಳೋಣ. ಸಾಧನವಿರುವ ಕಡೆ ಕೊಡುವವನಿಗೆ 'ಯುಎಸ್‌ಬಿಐಪಿ-ಹೋಸ್ಟ್' ಎಂಬ ಭಾಗವನ್ನು ಎಬ್ಬಿಸಿ, 'ಯುಎಸ್‌ಬಿಐಪಿಡಿ' ಎಂಬ ಕಾವಲುಗಾರನನ್ನು ಕೂರಿಸಬೇಕು. 'ಯುಎಸ್‌ಬಿಐಪಿ ಲಿಸ್ಟ್' ಎಂದರೆ ಸಾಧನಗಳ ಪಟ್ಟಿ ಬರುತ್ತದೆ, ಪ್ರತಿಯೊಂದಕ್ಕೂ 1-1.4 ಎಂಬಂಥ ವಿಳಾಸ. ಬೇಕಾದ ವಿಳಾಸವನ್ನು ಹೇಳಿ 'ಬೈಂಡ್' ಮಾಡಿದರೆ ಸಾಧನವು ಈ ಮನೆಯ ಡ್ರೈವರಿನಿಂದ ಬಿಡಿಸಿಕೊಂಡು ಬಾಗಿಲ ಬಳಿ ನಿಲ್ಲುತ್ತದೆ. ಆ ಗಳಿಗೆಯಿಂದ ಈ ಮನೆಯವರಿಗೆ ಅದು ಸಿಕ್ಕುವುದಿಲ್ಲ. ನೆಂಟನ ಕಡೆ 'ವಿಎಚ್‌ಸಿಐ' ಎಂಬ ಸುಳ್ಳು ಕಂಟ್ರೋಲರನ್ನು ಎಬ್ಬಿಸಿ, ಕೊಡುವವನ ಐಪಿ ವಿಳಾಸವನ್ನೂ ಸಾಧನದ ವಿಳಾಸವನ್ನೂ ಹೇಳಿ 'ಅಟ್ಯಾಚ್' ಮಾಡಿದರೆ ಮುಗಿಯಿತು. ತನ್ನ ಪಕ್ಕದಲ್ಲೇ ಚುಚ್ಚಿದಂತೆ ಅವನಿಗೆ ಕಾಣುತ್ತದೆ. ಹಿಂದಿರುಗಿಸುವಾಗ ಮೊದಲು ನೆಂಟನ ಕಡೆ 'ಡಿಟ್ಯಾಚ್', ಆಮೇಲೆ ಈ ಕಡೆ 'ಅನ್‌ಬೈಂಡ್'. ಈ ಕ್ರಮ ತಪ್ಪಬಾರದು. ಪೆನ್ ಡ್ರೈವ್ ಆಗಿದ್ದರೆ ಇವೆಲ್ಲಕ್ಕೂ ಮುಂಚೆ ಅದನ್ನು ನೆಂಟನೊಳಗೆ 'ಅನ್‌ಮೌಂಟ್' ಮಾಡಿಕೊಳ್ಳಬೇಕು. ಬರೆಯುತ್ತಿರುವಾಗಲೇ ಕಿತ್ತರೆ ಕಡತ ಹಾಳಾಗುವುದು ಇಲ್ಲಿಯೂ ತಪ್ಪಿದ್ದಲ್ಲ. ನೆಟ್‌ವರ್ಕು ಕೈಕೊಟ್ಟರೂ ಕಿತ್ತಂತೆಯೇ ಲೆಕ್ಕ. ಯಾವ ಕಡೆಯಾದರೂ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದರೆ ಎರವಲು ರದ್ದಾಗುತ್ತದೆ, ಮತ್ತೆ ಮೊದಲಿನಿಂದ ಕೇಳಬೇಕು.

ಎಲ್ಲ ಸಾಮಾನೂ ಎರವಲಿಗೆ ಬಾರದು. ಕ್ಯಾಮೆರಾ, ಮಾತು ಕೇಳುವ ಹೆಡ್‌ಫೋನು ಇವು ಗಡಿಯಾರದ ಮುಳ್ಳಿನಂತೆ ಒಂದೇ ಸಮನೆ ಹರಿಯಬೇಕಾದವು. ಟಪಾಲು ಒಮ್ಮೆ ಬೇಗ, ಒಮ್ಮೆ ತಡವಾದರೆ ಚಿತ್ರ ಮುಗ್ಗರಿಸುತ್ತದೆ, ಮಾತು ತೊದಲುತ್ತದೆ. ಪೆನ್ ಡ್ರೈವಿನ ಕಷ್ಟ ಬೇರೆ. ಒಂದು ಸಾರಿ ಓದಬೇಕಾದರೆ ಸಾಮಾನ್ಯವಾಗಿ ಮೂರು ಚೀಟಿ: ಅಪ್ಪಣೆಗೆ ಒಂದು, ಸರಕಿಗೆ ಒಂದು, 'ಆಯಿತು' ಎಂಬ ರಸೀತಿಗೆ ಒಂದು. ಮನೆಯೊಳಗಿನ ತಂತಿಯ ನೆಟ್‌ವರ್ಕಿನಲ್ಲಿ ಚೀಟಿ ಹೋಗಿಬರಲು ಒಂದು ಮಿಲಿಸೆಕೆಂಡೂ ಬೇಡ, ತಿಳಿಯುವುದೇ ಇಲ್ಲ. ಅದೇ ಬೇರೆ ಊರಿಗಾಗಿ ಒಂದು ಸಲ ಹೋಗಿಬರಲು 30 ಮಿಲಿಸೆಕೆಂಡು ಹಿಡಿಯಿತೆನ್ನಿ. ಮೂರು ಚೀಟಿಗೆ 90 ಆಯಿತು, ಅಂದರೆ ಸೆಕೆಂಡಿಗೆ ಹನ್ನೊಂದು ಸಲ ಓದಿದರೆ ಹೆಚ್ಚು. ಮನೆಯಲ್ಲಿ ಎಷ್ಟು ವೇಗದ ಇಂಟರ್‌ನೆಟ್ ಇದ್ದರೂ ಈ ಲೆಕ್ಕ ಬದಲಾಗದು. ರಸ್ತೆ ಅಗಲವಾದ ಮಾತ್ರಕ್ಕೆ ಊರು ಹತ್ತಿರ ಬರುತ್ತದೆಯೆ? ಪೆನ್ ಡ್ರೈವಿನಲ್ಲಿರುವ ಕಡತಗಳೇ ಬೇಕಾದರೆ ಸಾಂಬಾದಂಥ ಕಡತ ಹಂಚಿಕೆ ಮೇಲು. ಅದು ನಿಜವಾದ ಹಂಚಿಕೆ, ನಾಲ್ಕು ಜನ ಒಟ್ಟಿಗೆ ಉಣ್ಣಬಹುದು.

ಈಗ ಮುಂಬಯಿಯ ಪ್ರಶ್ನೆ. ಇದಕ್ಕೆ ನಾವು ಸ್ವಲ್ಪ ಗಟ್ಟಿಯಾಗಿಯೇ ಉತ್ತರ ಹೇಳಬೇಕಾಗಿದೆ.

ಟೋಕನಿನ ಕೆಲಸಕ್ಕೆ ಈ ವಿಧಾನ ಒದಗುತ್ತದೆಯೆ ಎಂದರೆ ಒದಗುತ್ತದೆ. ಅದರ ಮಾತು ಚಿಕ್ಕದು, ಅವಸರವೂ ಇಲ್ಲ. ಆದರೆ ಎರವಲು ಕೊಡುವ ಕಾವಲುಗಾರನಿದ್ದಾನಲ್ಲ, ಅವನು 3240 ಎಂಬ ಅಂಕಿಯ ಬಾಗಿಲಲ್ಲಿ ಕುಳಿತು, ಬಂದವರು ಯಾರೆಂದು ಕೇಳುವುದಿಲ್ಲ. ಹೆಸರಿಲ್ಲ, ಗುರುತಿನ ಚೀಟಿಯಿಲ್ಲ, ಪಾಸ್‌ವರ್ಡಿಲ್ಲ. ಮೊದಲು ಬಂದು ಕೇಳಿದವನಿಗೆ ಕೊಟ್ಟುಬಿಡುತ್ತಾನೆ. ಲಕೋಟೆಗೆ ಅಂಟೂ ಹಾಕುವುದಿಲ್ಲ. ದಾರಿಯಲ್ಲಿ ನಿಂತವರು ಚೀಟಿಯನ್ನು ಓದಬಹುದು. ಕೀಲಿಮಣೆಯನ್ನು ಹೀಗೆ ಎರವಲು ಕೊಟ್ಟರೆ ಒತ್ತಿದ ಪ್ರತಿ ಅಕ್ಷರವೂ ಬಯಲಿನಲ್ಲಿ ಹೋಗುತ್ತದೆ. ಟೋಕನಿಗೆ ನೀವು ಕೊಡುವ ಗುಟ್ಟಿನ ಪಿನ್ ಅಂಕಿಯೂ ಹಾಗೆಯೇ ಹೋಗಬಹುದು. ಪಿನ್ ಕದ್ದವನ ಕೈಗೆ ಟೋಕನೂ ಎರವಲಾಗಿ ಸಿಕ್ಕಿದರೆ ಉಳಿಯುವುದೇನು? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಇದು ಕೇವಲ ಜಾಣತನದ ಮಾತಲ್ಲ, ಕಾಯಿದೆಯ ಮಾತೂ ಹೌದು. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಕಲಮಿನ ಪ್ರಕಾರ, ಡಿಜಿಟಲ್ ಸಹಿ ಪಡೆದವನು ತನ್ನ ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸತಕ್ಕದ್ದು. ಅದು ಕೈತಪ್ಪಿದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಡಮಾಡದೆ ತಿಳಿಸತಕ್ಕದ್ದು. ಆ ಪುಟ್ಟ ಕಡ್ಡಿಯೊಳಗೆ ಇರುವುದು ಆ ಕೀಲಿಯೇ. ಆದಾಯ ತೆರಿಗೆಯ ಜಾಲತಾಣದಲ್ಲಿ ಲೆಕ್ಕ ಪರಿಶೋಧಕರು ತಮ್ಮ ವರದಿಯ ಮೇಲೆ ಹಾಕುವ ಸಹಿ ಅದರಿಂದಲೇ ಆಗುತ್ತದೆ. ಆ ಸಹಿಯನ್ನು ನಂಬಿ ಇನ್ನೊಬ್ಬರ ಲೆಕ್ಕ ನಿಂತಿರುತ್ತದೆ. ಖಾಲಿ ಕಾಗದಕ್ಕೆ ರುಜು ಹಾಕಿ ಬಾಗಿಲ ಹೊರಗೆ ನೇತುಹಾಕುವವರುಂಟೆ?

ಹಾಗಾದರೆ ಮಾಡಲೇಬಾರದೆ? ಟೋಕನು ಮತ್ತು ನೆಂಟ ಒಂದೇ ಕೋಣೆಯಲ್ಲಿದ್ದು, ನೀವೂ ಅಲ್ಲಿಯೇ ಕುಳಿತು, ಒಳಗಿನ ನೆಟ್‌ವರ್ಕಿನಲ್ಲಿ ಅಥವಾ ವರ್ಚುವಲ್‌ಬಾಕ್ಸಿನ ಫಿಲ್ಟರಿನಿಂದ ಕೊಟ್ಟು, ಸಹಿ ಆದೊಡನೆ ಕಿತ್ತು ಜೇಬಿಗೆ ಹಾಕಿಕೊಳ್ಳುವುದಾದರೆ ಅಡ್ಡಿಯಿಲ್ಲ. ಎರಡು ಊರುಗಳ ನಡುವೆ ಕೊಡಲೇಬೇಕಾದ ಬೇರೆ ಸಾಧನಗಳಿದ್ದರೆ, 3240ರ ಬಾಗಿಲನ್ನು ಫೈರ್‌ವಾಲಿನಿಂದ ಹೊರಗಿನವರಿಗೆ ಮುಚ್ಚಿ, ಎಸ್‌ಎಸ್‌ಎಚ್ ಎಂಬ ಸುರಂಗದ ಮೂಲಕ ಮಾತ್ರ ಚೀಟಿಗಳನ್ನು ಕಳಿಸಬೇಕು. ಸುರಂಗದ ಬಾಯಲ್ಲಿ ಗುರುತು ಕೇಳುತ್ತಾರೆ, ಒಳಗೆ ಹೋಗುವ ಮಾತು ಯಾರಿಗೂ ತಿಳಿಯದು. ಮನೆಯ ರೂಟರಿನಲ್ಲಿ 3240ನ್ನು ಹೊರಜಗತ್ತಿಗೆ ತೆರೆದಿಡುವುದಂತೂ ಖಂಡಿತ ಕೂಡದು; ಯಾವ ಬುದ್ಧಿವಂತ ಮಿತ್ರರು ಹೇಳಿಕೊಟ್ಟರೂ ಕೂಡದು. ಸುರಂಗವಿದ್ದರೂ ಸಹಿಯ ಟೋಕನನ್ನು ಮನೆಯಲ್ಲಿ ಹಗಲೆಲ್ಲ ಚುಚ್ಚಿಟ್ಟು ಬರುವುದನ್ನು ನಾವು ಒಪ್ಪಲಾರೆವು. ಮುಂಬಯಿಯ ಮಿತ್ರರು ಅದನ್ನು ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡು ಲೋಕಲಿನಲ್ಲಿ ಹೋಗುವುದೇ ಲೇಸು. ಅದರ ತೂಕ ಮನೆಯ ಬೀಗದ ಕೈಗಿಂತ ಹೆಚ್ಚಿರಲಾರದು.

ಚೆನ್ನೈಯ ಟ್ರಂಕು ಉಳಿಯಿತು. ಅಲ್ಲಿ ಯುಎಸ್‌ಬಿಯನ್ನು ಎರವಲು ಕೊಡುವ ಅಗತ್ಯವೇ ಬೀಳದು. ಲಿನಕ್ಸಿನಲ್ಲಿ ಸ್ಕ್ಯಾನರುಗಳನ್ನು ಆಳುವ 'ಸೇನ್' ಎಂಬ ತಂತ್ರಾಂಶಕ್ಕೆ ನೆಟ್‌ವರ್ಕಿನ ಮೂಲಕ ಸೇವೆ ಕೊಡುವುದು ಮೊದಲಿನಿಂದಲೂ ಗೊತ್ತು. ಕೆಳಗಿನ ಕೋಣೆಯಲ್ಲಿ ಸ್ಕ್ಯಾನರಿನ ಪಕ್ಕಕ್ಕೆ ಒಂದು ರಾಸ್ಪ್‌ಬೆರಿ ಪೈಯನ್ನೋ, ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಯೋ ಇಟ್ಟು, ಅದರಲ್ಲಿ 'ಸೇನ್‌ಡಿ' ಎಂಬುದನ್ನು ನಡೆಯಿಸಬೇಕು. ಅದರ ಸೆಟ್ಟಿಂಗಿನಲ್ಲಿ ಮಹಡಿಯ ನೆಂಟನ ವಿಳಾಸವನ್ನು ಬರೆದರೆ ಅವನಿಗೆ ಮಾತ್ರ ಪ್ರವೇಶ. ನೆಂಟನ ಕಡೆ, 'ನೆಟ್' ಎಂಬ ಸೆಟ್ಟಿಂಗಿನಲ್ಲಿ ಕೆಳಗಿನ ಯಂತ್ರದ ವಿಳಾಸವನ್ನು ಬರೆಯಬೇಕು. ಇಷ್ಟಾದರೆ ಸ್ಕ್ಯಾನರು ತನ್ನ ಜಾಗ ಬಿಟ್ಟು ಕದಲದು. ಚಿತ್ರ ಮಾತ್ರ ಮೇಲೆ ಹೋಗುತ್ತದೆ. ಪ್ರಿಂಟರಿಗೂ ಇದೇ ಮಾತು: ಅದಕ್ಕೆ ನೆಟ್‌ವರ್ಕಿನ ದಾರಿ ಬೇರೆ ಇದ್ದೇ ಇದೆ, ಯುಎಸ್‌ಬಿಯನ್ನು ಎರವಲು ಕೊಟ್ಟರೆ ಮನೆಯವರಿಗೆಲ್ಲ ಮುದ್ರಣ ನಿಂತುಹೋದೀತು. ತಯಾರಕರ ಸ್ವಂತ ತಂತ್ರಾಂಶವಲ್ಲದೆ ಇನ್ನಾವುದಕ್ಕೂ ಬಗ್ಗದ ಹಟಮಾರಿ ಸ್ಕ್ಯಾನರಾಗಿದ್ದರೆ ಮಾತ್ರ ಯುಎಸ್‌ಬಿ-ಐಪಿಯನ್ನು ನೆನೆಯಬೇಕು.

ಹಿರಿಯರು ಇನ್ನೊಂದು ವಿಷಯ ಕೇಳಿದ್ದಾರೆ, ಎಷ್ಟು ಸೂಕ್ಷ್ಮವಾಗಿ ತೆಗೆಯಬೇಕೆಂದು. ಓದಲು 300 ಡಿಪಿಐ ಸಾಕು. ಪೆನ್ಸಿಲಿನಲ್ಲಿ ಬರೆದುದಕ್ಕೂ ಮಸಿ ತೀರ ಮಾಸಿದುದಕ್ಕೂ 600 ಇರಲಿ. ಕಪ್ಪು-ಬಿಳುಪು ಬೇಡ, ಬಣ್ಣದಲ್ಲೇ ತೆಗೆಯಿರಿ. ಹಳದಿ ಕಾಗದದ ಮೇಲೆ ಮಾಸಿದ ನೀಲಿ ಅಕ್ಷರ ಬಣ್ಣದಲ್ಲಿ ಉಳಿಯುವಷ್ಟು ಬೂದಿಯಲ್ಲಿ ಉಳಿಯದು. ಕಾರ್ಡುಗಳ ವಿಳಾಸದ ಬದಿಯನ್ನೂ ಬಿಡಬೇಡಿ. ಅಂಚೆಯ ಮುದ್ರೆಯಲ್ಲಿ ತಾರೀಖಿರುತ್ತದೆ. ಬರೆದವರು ಹಾಕಲು ಮರೆತಿದ್ದರೂ ಅಂಚೆಯವರು ಹಾಕಿರುತ್ತಾರೆ.